ಹತ್ತು ನಿಮಿಷದ ದಾರಿ

ಶನಿವಾರಕ್ಕೆ ಇನ್ನೂ ಮೂರು ದಿನ.
ಕರೆಂಟು ಬಿಲ್ಲಿನ ಬೆನ್ನಿಗೆ ಬರೆಯುತ್ತಿದ್ದೇನೆ:
ಛತ್ರಿ ಎರಡು, ಚಾಪೆ, ಅಪ್ಪನ ಮಡಚುವ ಕುರ್ಚಿ,
ಹುಣಸೆ ಚಟ್ನಿ, ಮುಚ್ಚಳ ಬಿಗಿಯಿರುವ ಸೀಸೆಯಲ್ಲಿ.
ನಗಬೇಡಿ. ಕುದುರೆ ಓಡುವ ಶಾಂ ದ್ ಮಾರ್ಸ್ ಬಯಲು
ತ್ರಾಂಕೆಬಾರಿನ ನಮ್ಮ ಹಿತ್ತಿಲಿಂದ ಹತ್ತು ನಿಮಿಷ.
ಅಷ್ಟು ಹತ್ತಿರಕ್ಕೆ ಇಷ್ಟೊಂದು ಗಂಟುಮೂಟೆ!

ಆದರೆ ಹೋದದ್ದು ಯಾವಾಗ?
ನಲವತ್ತು ವರ್ಷದ ಶನಿವಾರಗಳಲ್ಲಿ
ನಮ್ಮ ತಗಡಿನ ಮಾಡಿಗೆ ಬಂದು ಬಿದ್ದದ್ದು ಬರೀ ಸದ್ದು.
ಮೊದಲು ಗುಜುಗುಜು, ಆಮೇಲೆ ಏರುವ ಹೋ,
ಆಮೇಲೆ ಒಮ್ಮೆಲೇ,
ಹಾಲು ಉಕ್ಕಿ ಒಲೆ ಆರಿದ ಹಾಗೆ, ಏನೂ ಇಲ್ಲ.
ಅಷ್ಟರಲ್ಲಿ ನಾನು ಸೂಜಿಗೆ ಇನ್ನೊಂದು ದಾರ ಪೋಣಿಸಿರುತ್ತಿದ್ದೆ.

ಜಾಕಿಗಳ ಅಂಗಿ ಹೊಲಿಯುವುದು ನನ್ನ ಕಸುಬು.
ಹಸಿರಿನ ಮೇಲೆ ಹಳದಿ ಚುಕ್ಕಿ, ನೇರಳೆ ತೋಳು, ಕೆಂಪು ಪಟ್ಟಿ;
ಹುಡುಗನ ಎದೆಯಳತೆ, ಒಳಗಿರುವವನು ಮಾತ್ರ ಮೀಸೆ ನರೆತವನು.
ಸೋಮವಾರ ಮಣ್ಣು ಮೆತ್ತಿಕೊಂಡು ವಾಪಸು ಬರುತ್ತವೆ.
ಬಿಚ್ಚಿದ ಕಂಕುಳ ಹೊಲಿಗೆ ನೋಡಿ ಹೇಳಬಲ್ಲೆ
ಯಾರು ಎಷ್ಟು ಚಾಟಿ ಬೀಸಿದನೆಂದು.
ಗೆದ್ದವನು ಯಾರೆಂದು
ಪಕ್ಕದ ಮನೆಯಲ್ಲಿ ಕೇಳಬೇಕು.

ಅಪ್ಪನದೂ ಇದೇ ಪಾಡು.
ಗಾಯ್ತಾನ್ ಎಂದರೆ ಲಾಯದಲ್ಲಿ ಈಗಲೂ ಒಬ್ಬಿಬ್ಬರು ತಲೆ ಎತ್ತುತ್ತಾರೆ,
ಕುದುರೆಗಳಲ್ಲ, ಮುದುಕರು.
ಗೇಟಿನವರೆಗೆ ನಡೆಸಿ, ಹಗ್ಗ ಬಿಚ್ಚಿ, ಬೆನ್ನು ತಟ್ಟಿ
ಹಿಂದೆ ಬಕೆಟ್ಟಿನ ಪಕ್ಕ ನಿಂತವನು.
"ಓಡುವುದನ್ನು ಕಂಡಿಲ್ಲ ಮಗಳೇ,
ಓಡಿ ಬಂದದ್ದನ್ನು ಕಂಡಿದ್ದೇನೆ."
ಕೊರಳ ನೊರೆ, ಅರಳಿದ ಹೊಳ್ಳೆ, ನಡುಗು ನಿಲ್ಲದ ತೊಡೆ.

ಫ್ರೆಂಚರು ಕವಾಯತಿಗೆಂದು ಸಮ ಮಾಡಿದ ನೆಲ,
ಇಂಗ್ಲಿಷರು ಬಂದು ಕುದುರೆ ಓಡಿಸಿದರು.
ಇನ್ನೂರು ವರ್ಷದ ಚರಿತ್ರೆ ಅನ್ನುತ್ತಾರೆ,
ಲದ್ದಿ ಬಾಚಿದವರ ಲೆಕ್ಕ ಅದರಲ್ಲಿಲ್ಲ.
ಅಪ್ಪನಿಗೆ ಇದರ ಬಗ್ಗೆ ಸಿಟ್ಟೂ ಇಲ್ಲ.
ಲದ್ದಿಯ ಬಣ್ಣದಲ್ಲಿ ಕುದುರೆಯ ಮನಸ್ಸು ತಿಳಿಯುತ್ತದೆ ಅನ್ನುತ್ತಾನೆ,
ಅದೂ ನಾವೆಲ್ಲ ಊಟಕ್ಕೆ ಕೂತಾಗಲೇ.

ಸ್ಟ್ಯಾಂಡಿನ ಟಿಕೆಟ್ಟೇ ಬೇಕು ಅನ್ನುತ್ತಾನೆ ಗಂಡ ಸಿಲ್ವಿಯೋ.
ಬಾಜಿಯಲ್ಲಿ ಕಳೆಯಲೆಂದೇ ಇನ್ನೂರು ರೂಪಾಯಿ ಎತ್ತಿಟ್ಟಿದ್ದಾನೆ,
ಕಳೆಯದಿದ್ದರೆ ಏನು ಮಾಡುವುದೆಂದು ಯೋಚಿಸಿಲ್ಲ.
ನಡುವಿನ ಬಯಲೇ ಸಾಕು, ಅಲ್ಲಿ ಪುಕ್ಕಟೆ,
ಬೇಲಿಯಾಚೆಯಿಂದ ಸೆಲ್ವಾಂಬ;
ಧೋಲ್ ಪುರಿ ನನ್ನದು, ತಲೆಗೆ ಮೂರು, ಜಗಳಕ್ಕೆ ಇನ್ನೆರಡು.
ಓರಿಯಾನಳಿಗೆ ಹ್ಯಾಟು ಬೇಕು, ಗರಿಯಿರುವುದು.
ಹಿತ್ತಿಲ ಹುಂಜ ಅವಳ ಕಣ್ಣಿಗೆ ಬೀಳದಂತೆ ಓಡಾಡುತ್ತಿದೆ.

ಪಾಪಾ, ನಿನ್ನ ಕುರ್ಚಿ ಎಲ್ಲಿ ಹಾಕಲಿ?
ಗೆಲುವಿನ ಕಂಬದ ಹತ್ತಿರ?

ಅವನು ತಟ್ಟೆಯಲ್ಲಿ ಬೆರಳಿಂದ ಒಂದು ಸುತ್ತು ಎಳೆದ.
ಸಾರಿನ ಗೆರೆ, ಬಲಕ್ಕೆ ತಿರುಗುವ ಗೆರೆ,
ಒಂದು ಕಡೆ ನಿಂತಿತು.

"ಇಲ್ಲಿ. ತಿರುವು ಮುಗಿಯುವಲ್ಲಿ.
ಇಲ್ಲಿಗೆ ಬಂದಾಗ ಕುದುರೆ ಮುಂಗಾಲು ಬದಲಿಸುತ್ತದೆ,
ಬಲದಿಂದ ಎಡಕ್ಕೆ, ಕಣ್ಣು ಮಿಟುಕಿಸುವಷ್ಟರಲ್ಲಿ.
ಕಾನೆಲ್‌ಗೆ ಎಡಗಾಲು ಹಿಂಜರಿಯುತ್ತಿತ್ತು.
ಮೂರು ವರ್ಷ ತಿಕ್ಕಿದೆ, ಎಣ್ಣೆ ಹಚ್ಚಿದೆ, ಸಮುದ್ರಕ್ಕಿಳಿಸಿದೆ.
ಓಟದಲ್ಲಿ ಬದಲಿಸಿದಳೋ ಇಲ್ಲವೋ
ಯಾರೂ ಬಂದು ಹೇಳಲಿಲ್ಲ.
ಎಷ್ಟನೆಯವಳಾದಳು ಅಂತ ಮಾತ್ರ ಹೇಳಿದರು."

ಕಾನೆಲ್ ಸತ್ತು ಇಪ್ಪತ್ತಾರು ವರ್ಷ.
ಸಿಲ್ವಿಯೋ ಬಾಯಿ ತೆರೆದವನು ನೀರು ಕುಡಿದ.

ಬರೆದುಕೊಂಡೆ: ಕುರ್ಚಿ, ತಿರುವಿನಲ್ಲಿ.
ಅದರ ಕೆಳಗೆ, ಸಣ್ಣ ಅಕ್ಷರದಲ್ಲಿ, ನನ್ನದೂ ಒಂದು:
ನೇರಳೆ ತೋಳು ಗಾಳಿಗೆ ಉಬ್ಬುತ್ತದೆಯೋ, ಅಂಟುತ್ತದೆಯೋ.

ಬಿಲ್ಲು ಕಟ್ಟಲು ಶುಕ್ರವಾರ ಕಡೆಯ ದಿನ.
ಅಷ್ಟರೊಳಗೆ ಇದೆಲ್ಲ ಬಾಯಿಪಾಠವಾಗಬೇಕು.
ಕೌಂಟರಿನ ಹುಡುಗಿ ತಿರುಗಿಸಿ ಓದಿದರೆ ಓದಲಿ,
ಚಟ್ನಿಯಿಂದ ಹಿಡಿದು.