ಕೊನೆಯ ಪರಿಷ್ಕರಣೆ

ಬಿಲಿಂಗ್ಸ್ ಊರಿನಲ್ಲಿ, ಬೀಗದಂಗಡಿಯ ಮೇಲಿನ ಕೋಣೆಯಲ್ಲಿ
ಕೂತು ರಸ್ತೆ ಇಲಾಖೆಗಳ ಜಾಲತಾಣಗಳಿಗೆ
ಅಂಕ ಕೊಡುತ್ತೇನೆ. ಇದೂ ಒಂದು ಕೆಲಸ.
ನೂರಕ್ಕೆ ಇಷ್ಟು ಅಂತ. ಇವತ್ತಿನದು ಯಾವ ರಾಜ್ಯ
ಎಂದು ಹೇಳುವಂತಿಲ್ಲ, ಕರಾರಿನಲ್ಲಿದೆ.

ಬೆಳಿಗ್ಗೆ ನಾನು ಪ್ರಯಾಣಿಕ.
ಹಿಂದಿನ ಸೀಟಿನಲ್ಲಿ ಇಲ್ಲದ ಮಗು ಅಳುತ್ತಿದೆ.
ಇಲ್ಲದ ಕಾರಿನ ಇಲ್ಲದ ಟಯರಿಗೆ
ಸರಪಳಿ ಕಟ್ಟಬೇಕೋ ಬೇಡವೋ, ಹುಡುಕುತ್ತೇನೆ.
ಮೊದಲು ಸಿಗುವುದು ನಿರ್ದೇಶಕರ ನಗು.
ಆಮೇಲೆ ಸೇತುವೆ, ರಿಬ್ಬನ್ನು, ಕತ್ತರಿ,
ಅದೇ ನಗು.
ಏಳನೆಯ ಒತ್ತಿಗೆ ನಕಾಶೆ ಬಿಚ್ಚಿಕೊಂಡಿತು;
ನಿಜದ ಕಾರಾಗಿದ್ದರೆ ಅಷ್ಟರಲ್ಲಿ ಚರಂಡಿ ಸೇರಿರುತ್ತಿತ್ತು.
ಬರೆದೆ: ಹದಿನೈದಕ್ಕೆ ನಾಲ್ಕು.

ಮಧ್ಯಾಹ್ನ ನಾನು ಗುತ್ತಿಗೆದಾರ.
ಒಂದು ಮೋರಿ ಕಟ್ಟಿಕೊಡುತ್ತೇನೆ ಮಾರಾಯರೇ,
ಒಳಗೆ ಬರುವ ಬಾಗಿಲು ಯಾವುದು, ಅಷ್ಟು ಹೇಳಿ.
ಟೆಂಡರು, ತಿದ್ದುಪಡಿ, ತಿದ್ದುಪಡಿಗೊಂದು ತಿದ್ದುಪಡಿ,
ತೆರೆದರೆ ತಲೆಕೆಳಗಾಗಿ ಸ್ಕ್ಯಾನ್ ಮಾಡಿದ ನಕ್ಷೆ.
ಕತ್ತು ವಾಲಿಸಿ ಓದಿದೆ.

ಇಂಥದ್ದೇ ಒಂದು ಪುಟ ವರ್ನಾ ಸ್ಟಾಕಿಯನ್ನು ನುಂಗಿತ್ತು.
ಹೋದ ತಿಂಗಳು ಫೋನಿನಲ್ಲಿ ಅವಳೇ ಹೇಳಿದ್ದು.
ರಸ್ತೆಯಂಚಿಗೆ ತಡೆಕಂಬಿ ಹಾಕುವ ಕಂಪನಿ,
ಐದು ಜನ, ಎರಡು ಲಾರಿ, ಕಂಬ ಹೂಳುವ ಯಂತ್ರ ಒಂದು
(ಗಂಡ ಹೋದ ಮೇಲೆ ಅದನ್ನು ಎಲ್ಮರ್ ಎಂದೇ ಕರೆಯುತ್ತಾಳೆ).
ಮೂರನೆಯ ತಿದ್ದುಪಡಿ ಅವಳ ಕಣ್ಣಿಗೇ ಬೀಳಲಿಲ್ಲ.
'ಸುದ್ದಿ'ಯಲ್ಲಿ ಇರಲಿಲ್ಲ, 'ಟೆಂಡರ್'ನಲ್ಲೂ ಇರಲಿಲ್ಲ,
'ಇತರೆ'ಯ ಹೊಟ್ಟೆಯೊಳಗೆ ತೆಪ್ಪಗೆ ಕೂತಿತ್ತು.
ಕಂಬ ಕಂಬದ ನಡುವಿನ ಅಂತರ ಬದಲಾಗಿತ್ತು, ಅಷ್ಟೇ.
ಎಲ್ಲರಿಗಿಂತ ಕಡಿಮೆ ಅವಳದೇ ದರ.
ಲಕೋಟೆ ಒಡೆದರು, ಓದಿದರು, ಪಕ್ಕಕ್ಕಿಟ್ಟರು.

"ಸಿಟ್ಟೇನಿಲ್ಲ," ಅಂದಳು. "ಆದರೆ ಆ ತಿರುವಿನಲ್ಲಿ ಹೋಗುವಾಗೆಲ್ಲ
ಬೇರೆಯವರು ನೆಟ್ಟ ಕಂಬ ಎಣಿಸುತ್ತೇನೆ.
ಅಂತರ ಸರಿಯಾಗೇ ಇದೆ.
ಅದೇ ಸಂಕಟ."

ನಮೂನೆಯಲ್ಲಿ ಇದಕ್ಕೆ ಅಂಕಣವಿಲ್ಲ.
'ಷರಾ' ಎಂಬಲ್ಲಿ ಸಣ್ಣಕ್ಷರದಲ್ಲಿ ಗೀಚಿದೆ:
'ಇತರೆ'ಯನ್ನು ಕಿತ್ತುಹಾಕಿ.

ನಾಲ್ಕೂವರೆಗೆಲ್ಲ ಕತ್ತಲೆ. ಉಳಿದದ್ದು ಘಾಟಿಯ ಕ್ಯಾಮೆರಾ.
ಐದು ನಿಮಿಷಕ್ಕೊಂದು ಚಿತ್ರ ಎಂದು ಹೇಳಿಕೊಂಡಿದ್ದಾರೆ,
ಹೌದೋ ಅಲ್ಲವೋ, ಗಡಿಯಾರ ಹಿಡಿದು ಕೂರುವುದು ನನ್ನ ಪಾಲು.
ನಕಾಶೆಯಲ್ಲಿ ರಸ್ತೆ ಹಸಿರು ಗೆರೆ. ತೆರೆದಿದೆ.
ಕ್ಯಾಮೆರಾದಲ್ಲಿ ಬರೀ ಬಿಳಿ.
ಐದು ನಿಮಿಷ. ಬಿಳಿ.
ಹತ್ತು. ಬಿಳಿ.
ಸೊನ್ನೆ ಸುತ್ತಲು ಪೆನ್ನು ಎತ್ತಿದೆ.

ಚಿತ್ರದಲ್ಲೊಂದು ಕೈಗವಸು.
ಪರದೆ ತುಂಬ, ಕಿತ್ತಳೆ ಬಣ್ಣದ್ದು,
ಹೆಬ್ಬೆರಳ ಬುಡದಲ್ಲಿ ಹೊಲಿಗೆ ಬಿಟ್ಟಿದೆ.

ಯಾರಪ್ಪಾ ನೀನು?
ಏಣಿ ಹತ್ತಿದೆಯೋ, ಲಾರಿಯ ಮೂತಿಯ ಮೇಲೆ ನಿಂತೆಯೋ?
ಐದು ನಿಮಿಷಕ್ಕೊಂದೇ ಕ್ಷಣ ಹಿಡಿಯುವ ಕಣ್ಣಿಗೆ
ನಿನ್ನ ಕೈ ಸಿಕ್ಕಿಬಿತ್ತಲ್ಲ.

ಮುಂದಿನ ಚಿತ್ರದಲ್ಲಿ ಕೈ ಇಲ್ಲ. ಗಾಜು ಒರೆಸಿದ ಬಳಿದ ಗುರುತು,
ಅದರಾಚೆ ಹಿಮ ತಳ್ಳುವ ಲಾರಿ, ಬಾಗಿಲು ತೆರೆದೇ ಇದೆ,
ಅದರಾಚೆ ರಸ್ತೆ ಇರಬೇಕಾದ ಜಾಗ.
ಮತ್ತೆ ಐದು ನಿಮಿಷಕ್ಕೆ ಹಸಿರು ಗೆರೆ ಕೆಂಪಾಯಿತು.
ಮುಚ್ಚಿದೆ. ಕೊನೆಯ ಪರಿಷ್ಕರಣೆ: ಈಗ.

ನಲವತ್ತೊಂದನೆಯ ಪ್ರಶ್ನೆ:
ಮಾಹಿತಿ ತಂತಾನೇ ಪರಿಷ್ಕೃತವಾಗುತ್ತದೆಯೇ?
ಇಲ್ಲ, ಎಂದು ಗುರುತು ಹಾಕಿದೆ.
ನಿಯಮದ ಪ್ರಕಾರ ಎರಡು ಅಂಕ ಕಳೆದೆ.

ಕೆಳಗೆ ಆರ್ಲೋ ಅಂಗಡಿಯ ಶಟರ್ ಎಳೆದ ಸದ್ದು.
ನನ್ನ ಲೆಕ್ಕ ಮುಗಿದು ಬಹಳ ಹೊತ್ತಾಯಿತು,
ಪುಟ ಮಾತ್ರ ಮುಚ್ಚಿಲ್ಲ.
ಲಾರಿ ಅಲ್ಲೇ ನಿಂತಿದೆ, ಹಳದಿ ದೀಪ ತಿರುಗಿಸುತ್ತ,
ಗಾಜಿನ ಮೇಲೆ ಮತ್ತೆ ಬಿಳಿ ಕೂರುತ್ತಿದೆ,
ಮೂಲೆಯಿಂದ.