ಇನ್ನೂರ ಹನ್ನೆರಡು ಟ್ರೇ

ಬಿದ್ದಪ್ಪ ಬಂದು ಕೇಳಿದ್ದು ಮೊಟ್ಟೆಯನ್ನಲ್ಲ,
ಮೊಟ್ಟೆ ಇಳಿಸಿದ ಮೇಲೆ ಉಳಿಯುವ ಟ್ರೇ.
'ಎಷ್ಟು ಬೇಕೋ?' ಅಂದೆ.
'ಒಂದು ಕೋಣೆ ತುಂಬ, ಸೆವ್ರಿನಾಂಟಿ.'
ನಾಮಕ್ಕಲ್ಲಿನ ಲಾರಿ ಬರುವುದು ಸೋಮವಾರ, ಗುರುವಾರ.
ಆರು ವಾರ ಕೂಡಿಟ್ಟೆ.
ಇನ್ನೂರ ಹನ್ನೆರಡು. ಎಣಿಸಿದ್ದೇನೆ,
ಎಣಿಸುವುದೇ ನನ್ನ ಕಸುಬು.

ವಿರಾಜಪೇಟೆಯ ಗಡಿಯಾರ ಕಂಬದ ಹಿಂದೆ
ನನ್ನ ಅಂಗಡಿಯ ಮೇಲಿನ ಕೋಣೆ, ಹಿಂದೆ ಟೈಪಿಂಗ್ ಕ್ಲಾಸು.
ಗೋಡೆಗೆ ಟ್ರೇ, ಬಾಗಿಲಿಗೆ ಟ್ರೇ, ಸೂರಿಗೂ ಟ್ರೇ;
ಕಿಟಕಿಗೆ ಅವನಜ್ಜಿಯ ಹಾಸಿಗೆ.
ಒಳಗೆ ನಿಂತು ಕೆಮ್ಮಿದರೆ
ಕೆಮ್ಮು ಬಾಯಿಂದ ಹೊರಟು ಎಲ್ಲಿಗೂ ಹೋಗುತ್ತಿರಲಿಲ್ಲ.

ಶಾಲೆಯಲ್ಲಿ ಅವನನ್ನು 'ಬಿದ್ನಪ್ಪಾ!' ಎಂದು ಕೂಗುತ್ತಿದ್ದರಂತೆ.
ಈಗ ಅದೇ ಅವನ ಮೊದಲ ಸಾಲು:
ಬಿದ್ದಪ್ಪ ಬಿದ್ನಪ್ಪ, ಎದ್ನಪ್ಪ, ಒದ್ನಪ್ಪ.
ಇಟ್ಟುಕೊಂಡ ಹೆಸರು ಕಾಚಂಪುಳಿ.
'ಕಪ್ಪು, ಹುಳಿ, ಹಂದಿಗೆ ಒಂದು ಚಮಚ ಸಾಕು,
ಆಮೇಲೆ ತಟ್ಟೆ ನೆಕ್ಕುತ್ತಾರೆ' ಅನ್ನುತ್ತಾನೆ.

ಹನ್ನೊಂದು ಹಾಡು, ಹನ್ನೊಂದೂ ಪಾರ್ಟಿಗೆ.
ಬಾಗಿಲ ಮೇಲೆ ಚೀಟಿ:
ಅಳು ಹೊರಗೆ, ಚಪ್ಪಲಿ ಜೊತೆ.

ಯಾರ್ಯಾರು ಬಂದರು ಆ ಏಣಿ ಹತ್ತಿ!
ಪಾಲಿಬೆಟ್ಟದ ಲೈನ್‌ಮನೆಯ ಬೊಳ್ಳಿ
ಕಾಫಿ ಕುಯ್ದ ಕಪ್ಪು ಬೆರಳಲ್ಲೇ ಮೈಕು ಹಿಡಿದು
ಎರವ ಮಾತಿನಲ್ಲಿ ಮೇಸ್ತ್ರಿಯನ್ನು ಬೈದಳು,
ಬೈಗುಳಕ್ಕೆ ತಾಳ ಹಾಕಿಸಿಕೊಂಡು ಹೋದಳು.
ಕೊಂಡಂಗೇರಿಯ ಮೊಯ್ದು ದಫ್ ತಂದ;
ನಮಾಜಿನ ಹೊತ್ತಿಗೆ ಎದ್ದುಹೋಗಿ
ಎಲ್ಲರಿಗೂ ಪರೋಟ ಕಟ್ಟಿಸಿಕೊಂಡು ಬಂದ.
ಮರ ಕಪಾತು ಮಾಡುವ ಅಸ್ಸಾಮಿನ ಇನಾಮುಲ್
ನಾಚಿದ, ದೀಪ ಆರಿಸಿ ಅಂದ;
ಆರಿಸಿದ ಮೇಲೆ ಅವನನ್ನು ನಿಲ್ಲಿಸಲು
ಮೇನ್ ಸ್ವಿಚ್ಚೇ ತೆಗೆಯಬೇಕಾಯಿತು.
ನಾನೂ ಇದ್ದೇನೆ. ಮೂರನೆಯ ಹಾಡಿನ ಕೊನೆಗೆ
ಧಡಾರನೆ ಬೀಳುವುದು ನನ್ನ ಅಂಗಡಿಯ ಶಟರು.
ಎಳೆದದ್ದು ನಾನೇ. ಒಂದೇ ಟೇಕು.

ಏಳನೆಯದಕ್ಕೆ ಚೆನಿಯಣ್ಣ.
ನಲವತ್ತು ವರ್ಷ ವಾಲಗದಲ್ಲಿ ಡೋಲು.
ಈ ತಾಲ್ಲೂಕಿನ ಅರ್ಧ ಮದುವೆಗಳನ್ನು ಕುಣಿಸಿದ್ದು ಅವನ ಕೈ;
ಕುಣಿದವರಲ್ಲಿ ಮುಖ ನೋಡಿದವರು ಕಡಿಮೆ.
ವಾಲಗದವರ ಜಾಗ ಅಂಗಳದ ಅಂಚು,
ಎಲೆ ಕೊನೆಯ ಪಂಕ್ತಿಗೆ.
ಇಲ್ಲಿಯೂ ಹೊಸ್ತಿಲಲ್ಲೇ ಕೂತ.
ಬಿದ್ದಪ್ಪ ಕೈಹಿಡಿದು ನಡುವೆ ಕೂರಿಸಿದ.
ಒಂದು ಪೆಟ್ಟು ಹಾಕಿ, ಕಾದು, ಕಿವಿಯಾನಿಸಿ ಕೇಳಿದ:
'ಬೆಟ್ಟ ಎಲ್ಲಿ ಹೋಯ್ತು?'

ಮೂರನೇ ಟೇಕು. ಕುಣಿತದ ಬಡಿತ ಓಡುತ್ತಿತ್ತು.
ಇದ್ದಕ್ಕಿದ್ದಂತೆ ಕೈ ಭಾರ,
ಎರಡು ಪೆಟ್ಟಿನ ನಡುವೆ
ಒಬ್ಬ ಮನುಷ್ಯ ಮಲಗುವಷ್ಟು ಜಾಗ.
ಊರಿಗೆಲ್ಲ ಗೊತ್ತು ಅದು: ಕೋವಿ ಎರಡು ಸಲ ಸಿಡಿದ ಮೇಲೆ
ಹೆಣದ ಮುಂದೆ ಬಾರಿಸುವುದು.
ನಾಲ್ಕು ಸುತ್ತು.
ಮತ್ತೆ ಏನೂ ಆಗದವನಂತೆ ಕುಣಿತಕ್ಕೆ.
'ತಪ್ಪಾಯ್ತು ಮಗಾ, ಕೈಗೆ ಎರಡೂ ಮನೆ ಒಂದೇ.'
'ಅಳಿಸ್ಲಾ?' ಎಂದ ಲ್ಯಾಪ್‌ಟಾಪಿನ ಹುಡುಗ,
ಯಾವ ಅರ್ಥದಲ್ಲಿ ಕೇಳಿದನೋ.
ಬಿದ್ದಪ್ಪ ಬಾಗಿಲ ಚೀಟಿ ನೋಡಿದ.
'ಬೇಡ, ಇರಲಿ.'

ಪುತ್ತರಿಗೆ ಆಲ್ಬಂ ಬಂತು.
ಫೋನಿನಲ್ಲಿ ಪಟ್ಟಿ, ಬಂದವರ ಹೆಸರಿಗೆಲ್ಲ ಮುಂದೆ ಎಫ್.ಟಿ.
ಬಡಗಿಯ ಹೆಂಡತಿ ನಾನು, ಎಫ್.ಟಿ. ಅಂದರೆ ಅಡಿ.
ಓದಿ ಹೇಳಿದೆ. ಚೆನಿಯಣ್ಣ ಗಾಬರಿಯಾದ:
'ನನ್ನ ಅಳತೆ ಯಾವಾಗ ತಗೊಂಡ್ರು?'

ಮೊನ್ನೆ ಸಮಾಜದಲ್ಲಿ ಮದುವೆ. ಹಿಂಬಾಗಿಲಲ್ಲಿ
ಅಡುಗೆಯವರಿಗೆ ಇಪ್ಪತ್ತು ಟ್ರೇ ಇಳಿಸುತ್ತಿದ್ದೆ.
ಒಳಗೆ ಡೀಜೆ, ನೆಲವೇ ಜಿಗಿಯುತ್ತಿತ್ತು.
ನನ್ನ ಶಟರು ಬಿತ್ತು; ಇನ್ನೂರು ಜನ 'ಹೋ!' ಅಂದರು.
ಆಮೇಲೆ ಏಳನೆಯದು.
ಆ ನಾಲ್ಕು ಸುತ್ತಿಗೂ ಹುಡುಗರು ಕುಣಿದರು, ಇನ್ನೂ ಜೋರಾಗಿ.
ಮುಂದಿನ ಸಾಲಿನ ಮೂವರು ಮುದುಕಿಯರು ಮಾತ್ರ
ಗ್ಲಾಸು ಕೆಳಗಿಟ್ಟು, ತಲೆವಸ್ತ್ರ ಸರಿಪಡಿಸಿಕೊಂಡು,
ಮತ್ತೆ ಎತ್ತಿಕೊಂಡರು.

ಹದಿಮೂರೋ ಹದಿನಾಲ್ಕೋ, ನನಗೆ ಲೆಕ್ಕ ತಪ್ಪಿತು.
ಅಡುಗೆಯವ ನಕ್ಕ.
ಮತ್ತೆ ಒಂದರಿಂದ ಶುರು ಮಾಡಿದೆ,
ಡೋಲಿನ ಜೊತೆಗೇ.