ಓದಿದರೆ ತಿಂದಂತೆಯೆ?

ಗಬಾ ಕಡವಿನಲ್ಲಿ ಆ ಮೀನನ್ನು ನಾನು ಮುಟ್ಟಲಿಲ್ಲ.
ಒಡೊಂಗೊ ಮುಟ್ಟಿದ. ಅವನು ಉತ್ತರದ ಕಡೆಯವನು,
ಅವನಿಗೂ ಮಂಬಾ ಮೀನಿಗೂ ಯಾವ ಹಳೆಯ ಲೆಕ್ಕವೂ ಇಲ್ಲ.
ರೆಕ್ಕೆಯ ತುದಿಯಿಂದ ಕಡಲೆಕಾಳಿನಷ್ಟು
ಕತ್ತರಿಸಿ, ಸ್ಪಿರಿಟ್ಟಿನ ಕೊಳವೆಗೆ ಹಾಕಿ,
ಮುಚ್ಚಳ ಬಿಗಿದು ನನ್ನ ಕೈಗಿಟ್ಟ.
ಮೇಲೆ ಬರೆದೆ: ಎಂ-ಏಳು.
ಬಕೆಟ್ಟಿನ ಕದಡಿದ ನೀರಿನಿಂದ ಅದು ಮೂತಿಯೆತ್ತಿ
ಒಂದು ಗುಟುಕು ಗಾಳಿ ನುಂಗಿತು
ಕಾಫಿ ಹೀರುವ ಮುದುಕಿಯ ಹಾಗೆ, ಸದ್ದು ಮಾಡಿ.

ನಾನು ನಸ್ಸುನಾ, ಮುಬೀರುವಿನ ಮಗಳು, ಮಂಬಾ ಕುಲದವಳು.
ಗಾಳಿ ಉಸಿರಾಡುವ ಈ ಮೀನು ನಮಗೆ ತಿನ್ನಬಾರದ್ದು.
ತಿಂದರೆ ಮೈತುಂಬ ಗುಳ್ಳೆ ಏಳುತ್ತದೆಂದು
ಸೋದರತ್ತೆ ಹೆದರಿಸಿಯೇ ಬೆಳೆಸಿದಳು.
ಎಂಎಸ್ಸಿ ಪ್ರಬಂಧಕ್ಕೆ ಮೇಷ್ಟ್ರು ಇದನ್ನೇ ಕೊಡಬೇಕೆ!
"ಓದುವುದಷ್ಟೇ ಅತ್ತೆ, ಕಂಪ್ಯೂಟರಿನಲ್ಲಿ."
ಬೆಂದ ಮಟೋಕೆಯ ಬಾಳೆಎಲೆ ಬಿಡಿಸುತ್ತಿದ್ದವಳು
ಹಬೆಯೊಳಗಿಂದಲೇ ಕೇಳಿದಳು:
"ಓದಿದರೆ ತಿಂದಂತೆಯೆ?"

ಮನುಷ್ಯನ ಜೀನೋಮಿಗೆ ಮುನ್ನೂರು ಕೋಟಿ ಅಕ್ಷರ.
ಕೆಸರಲ್ಲಿ ಮಲಗುವ ಇದಕ್ಕೆ
ಹತ್ತು ಸಾವಿರ ಕೋಟಿಗೂ ಮೇಲೆ.
ಅಷ್ಟೊಂದು ಹೇಳಲು ಏನಿದೆಯೋ ಎಂದು ನೋಡಿದರೆ
ಹೇಳಿದ್ದನ್ನೇ ಹೇಳುತ್ತದೆ, ಮತ್ತೆ ಅದನ್ನೇ,
ಒಂದಕ್ಷರ ತಪ್ಪಿಸಿ, ತಿರುಗಿ ಅದನ್ನೇ.

ಬಿಎಸ್ಸಿಯಲ್ಲಿ ಕಪ್ಪೆ ಕೊಯ್ದ ಕೈ ನನ್ನದು.
ಈಗ ರಕ್ತವಿಲ್ಲ, ಕತ್ತರಿಯಿಲ್ಲ,
ಒಂದು ಕೋಲನ್ ಬಿಟ್ಟುಹೋದರೆ ಮಾತ್ರ
ಬೆಳಗಿನವರೆಗೆ ಸೋರುತ್ತದೆ.
ರಾತ್ರಿ ಎರಡೂವರೆ. ಕರೆಂಟು ಹೋಗಿ
ಯುಪಿಎಸ್ಸು ಹಸಿದ ಮರಿಯಂತೆ ಕೂಗುತ್ತದೆ.
ಹನ್ನೊಂದು ಗಂಟೆ ಓಡಿದ ಕೆಲಸ ಅದಾಗಲೇ ಸತ್ತಿದೆ.
ಕಾರಣ: ಮೆಮೊರಿ ಸಾಲದು.
ಯಾರಿಗೆ ಸಾಲುತ್ತದೆ?

ಡಾಕ್ಟರ್ ಸೆಬುನ್ಯ ಕನ್ನಡಕ ಒರೆಸುತ್ತಾ ಅಂದರು,
"ಸರೋವರವನ್ನೇ ಕುಡಿಯಲು ಹೊರಟಿದ್ದೀಯ. ಒಂದು ಲೋಟ ಸಾಕು.
ಮೈಟೋಕಾಂಡ್ರಿಯ ಹಿಡಿ."
ಹದಿನಾರು ಸಾವಿರ ಚಿಲ್ಲರೆ ಅಕ್ಷರ,
ಬಳೆಯ ಹಾಗೆ ದುಂಡಗೆ,
ತಾಯಿಯಿಂದ ಮಾತ್ರ ಬರುವಂಥದು.

ಗುರುವಾರ ಬಳೆ ಕೂಡಿಕೊಂಡಿತು, ಒಂದು ಕಡೆ ಬಿಟ್ಟು.
ಅಲ್ಲಿ ಒಂದೇ ತುಣುಕು ಸಾಲಾಗಿ ನಿಂತಿದೆ,
ಎಷ್ಟು ಸಲವೆಂದು ಎಣಿಕೆಗೆ ಸಿಗದೆ
ಯಂತ್ರ ಬರೆದುಬಿಟ್ಟಿದೆ: ಎನ್ ಎನ್ ಎನ್ ಎನ್ ಎನ್.
ಎಂದರೆ, ಇಲ್ಲಿ ಇದ್ದದ್ದು ನಿಜ,
ಯಾರೆಂದು ಗೊತ್ತಿಲ್ಲ.

ಶನಿವಾರ ಚಿಕ್ಕಪ್ಪನ ಮಗಳ ನಿಶ್ಚಯ.
ಅಜ್ಜ ಎದ್ದು ನಿಂತು ವಂಶ ಹೇಳಿದ:
ನಾನು ಇಂಥವನ ಮಗ, ಅವನು ಇಂಥವನ ಮಗ,
ಒಂಬತ್ತು ಗಂಡಸರು, ಗೋಡೆಗೆ ಹೊಡೆದ ಮೊಳೆಗಳ ಹಾಗೆ,
ಒಂದೂ ಅಲುಗಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು.
ಹಿತ್ತಲಲ್ಲಿ ಅಮ್ಮನನ್ನು ಕೇಳಿದೆ, ನಿನ್ನ ಅಮ್ಮ?
"ನಲೂಂಗಾ. ಗೊತ್ತಲ್ಲ ನಿನಗೆ."
ಅವಳ ಅಮ್ಮ?
"ಮಸಾಕಾದ ಕಡೆಯವಳು. ಚಾಪೆ ಚೆನ್ನಾಗಿ ಹೆಣೆಯುತ್ತಿದ್ದಳಂತೆ."
ಹೆಸರು?
ಅಮ್ಮ ತೊಳೆದ ಸೌಟನ್ನೇ ಮತ್ತೆ ತೊಳೆದಳು.

ಸೋಮವಾರ. ಒಡೊಂಗೊ ಮೊಟ್ಟೆ ಸುತ್ತಿದ ಚಪಾತಿ ಕಚ್ಚುತ್ತಾ
ಹೆಗಲ ಮೇಲಿಂದ ಇಣುಕಿದ. ಮುಗೀತಾ?
ಇಲ್ಲ, ಒಂದು ಕಡೆ ಬಾಯಿ ಬಿಟ್ಟಿದೆ.
ತುಂಬಿಸಿಬಿಡು ಹೇಗೋ, ಪರೀಕ್ಷಕರು ಅಷ್ಟು ಒಳಗೆ ನೋಡಲ್ಲ.
ನಾನು ತುಂಬಿಸಲಿಲ್ಲ.
ನಮೂನೆಯ ವಿವರದಲ್ಲಿ ಲಿಂಗ ಎಂಬಲ್ಲಿ
ಏನೂ ಬರೆದಿರಲಿಲ್ಲ, ಆ ದಿನ ನೋಡಿಯೇ ಇರಲಿಲ್ಲ.
ಗಾಳಿ ನುಂಗಿದ ಸದ್ದು ನೆನಪಾಗಿ ಬೆರಳು ಕೀಲಿಯ ಮೇಲೆ ಹೋಗಿ
ಹಾಗೇ ನಿಂತಿತು.

ಅತ್ತೆಗೆ ಇನ್ನೂ ಉತ್ತರ ಕೊಟ್ಟಿಲ್ಲ.
ನಿನ್ನೆಯಿಂದ ಎಡ ಮೊಣಕೈ ಹತ್ತಿರ ಸಣ್ಣಗೆ ತುರಿಕೆ.
ಸೊಳ್ಳೆಯಿರಬೇಕು.